ಚಮಚಕ್ಕೆ ಅಂಟಿದ ನಿಂಬೆಹಣ್ಣು

ಒಂದೂರು ಅನ್ನಿ, ಬೇಕಾದರೆ ನಿಮ್ಮೂರೇ ಅನ್ನಿ. ಅಲ್ಲೊಬ್ಬ ಸಾಹುಕಾರ. ಬಟ್ಟೆ ವ್ಯಾಪಾರ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಯ ಮೊದಲ ಎಲೆ ಅವನದೇ ಆಗಬೇಕು. ಇರಲಿ ಬಿಡಿ, ಅದು ಅವನ ಗುಣ. ಆದರೆ ಅವನ ಒಬ್ಬಳೇ ಮಗಳಿಗೆ ಆ ಗುಣ ಬಂದಿರಲಿಲ್ಲ. ಎರಡನೇ ಕ್ಲಾಸಿನ ಹುಡುಗಿ.

ಶಾಲೆಯಲ್ಲಿ ಆಟೋಟದ ದಿನ ಬಂತು. ಮಗು ನಿಂಬೆಹಣ್ಣಿನ ಓಟಕ್ಕೆ ಹೆಸರು ಕೊಟ್ಟಿತು. ಗೊತ್ತಲ್ಲ ನಿಮಗೆ? ಬಾಯಲ್ಲಿ ಚಮಚ ಕಚ್ಚಬೇಕು, ಅದರ ಮೇಲೆ ಹಣ್ಣು ಇಟ್ಟುಕೊಂಡು ಗೆರೆ ಮುಟ್ಟಬೇಕು. ಚಮಚ, ಹಣ್ಣು ಎರಡೂ ಮನೆಯಿಂದಲೇ. ಒಂದು ವಾರ ಅಂಗಳದಲ್ಲಿ ಇದೇ ಅಭ್ಯಾಸ. ನಾಲ್ಕು ಹೆಜ್ಜೆ ಇಡೋದು, ನಗೋದು, ನಕ್ಕ ಕೂಡಲೇ ಹಣ್ಣು ಬೀಳೋದು. ಅದು ಹೂಕುಂಡದ ಹಿಂದಕ್ಕೆ ಉರುಳೋದು, ಮಗು ಅದರ ಹಿಂದೆ ಓಡೋದು, ಮತ್ತೆ ನಗೋದು. ಎಂಥಾ ಸುಖ ನೋಡಿ!

ಸಾಹುಕಾರನಿಗೆ ಮೈಯೆಲ್ಲ ಉರಿ. "ನಗಬೇಡ ಕಣೇ! ನಕ್ಕರೆ ಬೀಳುತ್ತೆ, ಬಿದ್ದರೆ ಸೋಲ್ತೀಯ."

"ಬಿದ್ರೆ ಎತ್ಕೋಬಹುದು ಅಪ್ಪಾ. ಮಿಸ್ ಹೇಳಿದ್ದಾರೆ."

ಬಿದ್ದರೆ ಎತ್ತಿಕೊಳ್ಳಬಹುದು! ನಾನು ಇಷ್ಟು ವರ್ಷದಿಂದ ಇಲ್ಲಿ ಕೂತು ಪ್ರವಚನ ಹೇಳ್ತಾ ಗಂಟಲು ಹರಕೊಳ್ಳೋದೂ ಇದನ್ನೇ ಅಲ್ವಾ? ಸಾಹುಕಾರನಿಗೆ ಅದು ಕೇಳಿಸಲಿಲ್ಲ.

ಓಟದ ದಿನ ಬೆಳಿಗ್ಗೆ ಅವನು ಏನು ಮಾಡಿದ ಗೊತ್ತಾ? ಅಡುಗೆಮನೆಗೆ ಹೋಗಿ, ಚಮಚಕ್ಕೆ ಗೋಂದು ಬಳಿದು, ನಿಂಬೆಹಣ್ಣು ಅಂಟಿಸಿದ. ಮೈದಾನದಲ್ಲಿ ಮಗು ಕೈ ಹಾಕದ ಹಾಗೆ ತಾನೇ ಅದರ ಬಾಯಿಗೆ ಚಮಚ ಇಟ್ಟ. ಪಾಪ, ಮಗುವಿಗೇನು ಗೊತ್ತು?

ಸೀಟಿ ಊದಿದರು. ಬೇರೆ ಮಕ್ಕಳ ಹಣ್ಣು ಬಿತ್ತು, ಎತ್ತಿಕೊಂಡವು, ಮತ್ತೆ ಬಿತ್ತು. ಈ ಮಗು ಮಾತ್ರ ಬಾಣದ ಹಾಗೆ ಹೋಗಿ ಗೆರೆ ಮುಟ್ಟಿತು. ಮೊದಲ ಸ್ಥಾನ! ಖುಷಿಗೆ ಬಾಯಿಂದ ಚಮಚ ತೆಗೆದು, ಎರಡೂ ಕೈ ಮೇಲೆತ್ತಿ ಕುಣಿಯಿತು. ಚಮಚ ತಲೆಕೆಳಗಾಯಿತು. ನಿಂಬೆಹಣ್ಣು ಬೀಳಲಿಲ್ಲ.

"ಬೀಳ್ತಾನೇ ಇಲ್ಲ ನೋಡ್ರೋ!" ಅಂತ ಒಬ್ಬ ಹುಡುಗ ಕೂಗಿದ. ಮೈದಾನವೆಲ್ಲ ನಗು. ಮಗು ಚಮಚ ಅಲ್ಲಾಡಿಸಿತು, ಹಣ್ಣನ್ನು ಎಳೆದು ನೋಡಿತು, ಆಮೇಲೆ ಅಪ್ಪನ ಕಡೆ ನೋಡಿತು. ಅಪ್ಪ ಮುಖ ತಿರುಗಿಸಿದ. ಮಗುವಿಗೆ ಎಲ್ಲಾ ಅರ್ಥವಾಯಿತು.

ಟೀಚರು ಬಂದು ಮೆಲ್ಲಗೆ ಕೇಳಿದರು, "ಯಾರಮ್ಮ ಅಂಟಿಸಿದ್ದು?"

"ನಾನೇ ಮಿಸ್," ಅಂದಿತು ಮಗು.

ಕೇಳಿಸಿತಾ? ನಾನೇ ಅಂದಿತು! ಅಪ್ಪನ ಮರ್ಯಾದೆ ಉಳಿಸೋದಕ್ಕೆ ಸುಳ್ಳು ಹೇಳಿತು. ಸಾಹುಕಾರ ಆಗಲಾದರೂ ಬಾಯಿ ಬಿಟ್ಟನಾ? ಇಲ್ಲ. ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದ. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತೆ.

ಸಂಜೆ ಅಂಗಡಿಯಿಂದ ದೊಡ್ಡದೊಂದು ಬಹುಮಾನದ ಕಪ್ಪು ಕೊಂಡು ತಂದ. "ಮುಂದಿನ ವರ್ಷ ಇಂಥದ್ದೇ ಗೆಲ್ಲುವೆಯಂತೆ ಬಿಡು" ಅಂದ. ಮಗು ಅದನ್ನು ಮುಟ್ಟಲಿಲ್ಲ. "ಮುಂದಿನ ವರ್ಷ ನೀನೇ ಓಡು ಅಪ್ಪಾ. ನಾನು ಚಪ್ಪಾಳೆ ಹೊಡೀತೀನಿ" ಅಂದಿತು. ಆಮೇಲೆ ಆ ಅಂಗಳದಲ್ಲಿ ನಿಂಬೆಹಣ್ಣು ಉರುಳಲೇ ಇಲ್ಲ.

ಹಿಂದಿನ ಸಾಲಿನವರು ಸಾಹುಕಾರನಿಗೆ ಬೈಕೊಳ್ತಾ ಇದ್ದೀರಿ. ಬೈರಿ. ಆದರೆ ನಿಮ್ಮ ಮನೆಯಲ್ಲಿ ಗೋಂದು ಇಲ್ವಾ? ಮಗನ ವಯಸ್ಸು ಒಂದು ವರ್ಷ ಕಮ್ಮಿ ಬರೆಸಿ ಟೀಮಿಗೆ ಸೇರಿಸಿದ್ದು ಏನದು? ಔಟ್ ಕೊಟ್ಟ ಅಂತ ಅಂಪೈರ್ ಮೇಲೆ ಹರಿಹಾಯ್ದದ್ದು ಏನದು?

ನಾಳೆ ಮಗು ಧೂಳು ಮೆತ್ತಿಕೊಂಡು ಮನೆಗೆ ಬಂದಾಗ, ಬಾಗಿಲಲ್ಲೇ "ಎಷ್ಟನೇ ನಂಬರು?" ಅನ್ನಬೇಡಿ. ಮೊದಲು ನೀರು ಕೊಡಿ. ಪಕ್ಕದಲ್ಲಿ ಕೂತು, "ಎಷ್ಟು ಸಲ ಬಿತ್ತು ಮಗಾ? ಎಷ್ಟು ನಕ್ಕಿರಿ?" ಅಂತ ಕೇಳಿ. ಮೈದಾನಕ್ಕೆ ಹೋದರೆ ಪಕ್ಕದ ಮನೆಯ ಮಗುವಿಗೂ ಚಪ್ಪಾಳೆ ಹೊಡೀರಿ, ಕೈ ಸವೆಯೋದಿಲ್ಲ.

ಮತ್ತೆ, ಆಗಲೇ ಗೋಂದು ಹಚ್ಚಿ ಆಗಿದ್ದರೆ? ಇವತ್ತು ಮನೆಗೆ ಹೋದ ಕೂಡಲೇ ಮಗುವನ್ನು ಹತ್ತಿರ ಕೂರಿಸಿಕೊಂಡು, "ಅಂಟಿಸಿದ್ದು ನಾನು, ತಪ್ಪಾಯ್ತು" ಅಂತ ಹೇಳಿ. ನಿಮ್ಮ ಸುಳ್ಳನ್ನು ಅದು ಹೊತ್ತುಕೊಂಡು ತಿರುಗ್ತಾ ಇದೆ. ಇಳಿಸಿ ಅದನ್ನ.