ತೇಪೆ ಇಲ್ಲದ ಜೇಬು

ನಾನು, ವಯಸ್ಸು ನಲವತ್ತೆರಡು, ಕಸುಬು ಶಾಲಾ ಸಮವಸ್ತ್ರ ಹೊಲಿಯುವುದು, ವಾಸ ಬಸ್ ಡಿಪೋ ಹಿಂದಿನ ಅಡ್ಡರಸ್ತೆಯಲ್ಲಿ ಬೇಕರಿಯ ಮೇಲಿನ ಮನೆ, ಈ ದಿನ ಬೆಳಗ್ಗೆ ಹತ್ತೂಕಾಲಿಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದು ಏನೆಂದರೆ: ಹೋದ ಮಂಗಳವಾರ ಇದೇ ಮೇಜಿನ ಮುಂದೆ ಕೂತು ನಾನು ಕೊಟ್ಟ ಹೇಳಿಕೆ ತಪ್ಪು. ಅದನ್ನು ನಂಬಿ ತಾವು ಬಾಲಕಿಯರ ಗೃಹಕ್ಕೆ ಕಳಿಸಿದ ನನ್ನ ಮಗಳು ಇಟ್ಟಿಗೆ ಎಸೆದವಳಲ್ಲ. ನಾಳೆ ಅವಳನ್ನು ಮಕ್ಕಳ ನ್ಯಾಯಮಂಡಳಿಯ ಮುಂದೆ ನಿಲ್ಲಿಸುವ ಮೊದಲು ಇದು ದಾಖಲಾಗಬೇಕೆಂದು ಬಂದಿದ್ದೇನೆ.

ನನಗೆ ಹದಿನೈದು ವರ್ಷದ ಅವಳಿ ಹೆಣ್ಣುಮಕ್ಕಳು. ಮನೆಯಲ್ಲೂ ಬೀದಿಯಲ್ಲೂ ದೊಡ್ಡು, ಚಿಕ್ಕು ಎಂದೇ ಕರೆಯುತ್ತಾರೆ. ಇಬ್ಬರದೂ ಒಂದೇ ಮುಖ, ಒಂದೇ ಎತ್ತರ. ಅಳತೆ ತೆಗೆಯಲು ಒಬ್ಬಳನ್ನು ನಿಲ್ಲಿಸಿಕೊಂಡರೆ ಇಬ್ಬರದೂ ಮುಗಿಯುತ್ತದೆ. ಆದರೆ ಗುಣ ಬೇರೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ದೊಡ್ಡು ಬಾಯಿಗೆ ಬೆರಳಿಟ್ಟರೂ ಕಚ್ಚದವಳು, ಚಿಕ್ಕು ಮುಟ್ಟಿದರೆ ಸಿಡಿಯುವವಳು.

ಹೋದ ಮಂಗಳವಾರ ಸಂಜೆ ನಾಲ್ಕೂವರೆ ದಾಟಿದ ಮೇಲೆ, ಶಾಲೆಯ ಹತ್ತಿರದ ಪಾದಚಾರಿ ಸೇತುವೆಯಿಂದ ಒಬ್ಬ ಹುಡುಗಿ ಕೆಳಗೆ ಬರುತ್ತಿದ್ದ ಬಸ್ಸಿನ ಮೇಲೆ ಅರ್ಧ ಇಟ್ಟಿಗೆ ಎಸೆದಳು. ಮುಂದಿನ ಗಾಜು ಒಡೆದು ಚೂರು ಚಾಲಕರ ಬಲಗಣ್ಣಿಗೆ ಹೊಕ್ಕಿತು. ಬಸ್ಸಿನ ತುಂಬ ಜನ. ಆ ಮನುಷ್ಯ ಒಂದೇ ಕಣ್ಣಿನಲ್ಲಿ ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಆಮೇಲೆ ಸ್ಟೇರಿಂಗ್ ಮೇಲೆ ತಲೆ ಇಟ್ಟರು ಎಂದು ಇಲ್ಲಿಯೇ ಕೇಳಿ ತಿಳಿದೆ. ಆ ಕಣ್ಣು ಬರುತ್ತದೋ ಇಲ್ಲವೋ ಎಂದು ಆಸ್ಪತ್ರೆಯವರು ಇನ್ನೂ ಹೇಳಿಲ್ಲ.

ಅದೇ ಸಂಜೆ ಆರೂವರೆಗೆ ನನ್ನನ್ನು, ಇಬ್ಬರು ಮಕ್ಕಳನ್ನು ಠಾಣೆಗೆ ಕರೆಸಲಾಯಿತು. ಮಕ್ಕಳು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಸಬ್ ಇನ್‌ಸ್ಪೆಕ್ಟರ್ ಮೇಡಂ, ಸೇತುವೆಯ ಮೆಟ್ಟಿಲ ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕ ವಿಡಿಯೊ ಚಿತ್ರವನ್ನು ನನಗೆ ತೋರಿಸಿದರು. ಎರಡು ಜಡೆ, ನಾನೇ ಹೊಲಿದ ಸಮವಸ್ತ್ರ, ಮುಖ ನನ್ನ ಮಕ್ಕಳದು. ಇವಳು ಇಬ್ಬರಲ್ಲಿ ಯಾರು ಎಂದು ಕೇಳಿದರು. ಚಿತ್ರ ಮುಗಿಯುವ ಮೊದಲೇ ನಾನು ಚಿಕ್ಕು ಎಂದೆ. ಮೇಡಂ ಅವಸರ ಮಾಡಲಿಲ್ಲ. "ಪೂರ್ತಿ ನೋಡಿಮ್ಮಾ, ಇಬ್ರೂ ಒಂದೇ ಥರ ಇದಾರಲ್ಲ" ಎಂದರು. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ ಎಂದು ಅವರನ್ನೇ ಕೇಳಿದೆ.

ಕೇಳದಿದ್ದರೂ ಕಾರಣವನ್ನೂ ಹೇಳಿದೆ. ಎರಡನೆಯದಾಗಿ ಹುಟ್ಟಿದ ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು, ಮೈಯೆಲ್ಲ ನೀಲಿಯಾಗಿತ್ತು, ತಲೆಗೆ ಸ್ವಲ್ಪ ಹೊತ್ತು ಉಸಿರು ಹೋಗಿಲ್ಲ, ಮುಂದೆ ಹಟ, ಸಿಟ್ಟು ಜಾಸ್ತಿಯಾಗಬಹುದು ಎಂದು ಹೆರಿಗೆ ಮಾಡಿಸಿದ ಡಾಕ್ಟರು ಅಂದಿದ್ದರು. ಆಗಬಹುದು ಎಂದಿದ್ದನ್ನು ನಾನು ಆಗುತ್ತದೆ ಎಂದು ಮಾಡಿಕೊಂಡೆ. ಶಾಲೆಗೆ ಸೇರಿಸುವಾಗ ಟೀಚರಿಗೆ ಹೇಳಿದೆ, ಮನೆ ಮಾಲೀಕರಿಗೆ ಹೇಳಿದೆ, ಅಳತೆ ಕೊಡಲು ಬಂದವರಿಗೂ ಹೇಳಿದೆ. ನನ್ನ ಗಂಡ ಇನ್ನೊಂದು ಸೇರಿಸುತ್ತಿದ್ದರು. ನನ್ನ ತಮ್ಮ ಹೊಡೆದಾಟ ಮಾಡಿಕೊಂಡು ಎರಡು ಸಲ ಇದೇ ಠಾಣೆಗೆ ಬಂದವನು. ಚಿಕ್ಕು ತಟ್ಟೆ ತಳ್ಳಿದರೆ, "ಬಂತು ನೋಡು ಮಾವನ ರಕ್ತ" ಎಂದು ಅವರು ನಗುತ್ತಿದ್ದರು. ಮಾವ ಇಬ್ಬರಿಗೂ ಮಾವನೇ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೇಳಿಕೆ ಬರೆದುಕೊಳ್ಳುವ ಠಾಣೆಯ ಬರಹಗಾರರು ನನ್ನ ಹೇಳಿಕೆಯಲ್ಲಿ 'ಈಕೆ ಹುಟ್ಟಿನಿಂದಲೇ ಕೋಪಿಷ್ಠೆ' ಎಂದು ಬರೆದುಕೊಂಡರು. ಮೊಂಡಿ ಎಂದೂ ಸೇರಿಸಿ ಎಂದವಳು ನಾನೇ. ಇದನ್ನು ಈಗ ಬರೆಸುವಾಗ ತಲೆ ಎತ್ತಲಾಗುತ್ತಿಲ್ಲ.

ಆಮೇಲೆ ಚಿಕ್ಕುವನ್ನು ಒಳಗೆ ಕರೆದರು. ಅಮ್ಮ ನೀನೇ ಅಂತಿದ್ದಾರೆ, ನೀನೇನಾ ಎಂದು ಮೇಡಂ ಕೇಳಿದರು. ಅವಳು ನನ್ನ ಮುಖ ನೋಡಿ ಹೂಂ ಎಂದಳು. ಒಪ್ಪಿಕೊಂಡಳಲ್ಲ, ನನ್ನ ಮಾತು ಉಳಿಯಿತು ಎಂದು ನನಗೆ ಒಂದು ಥರ ಸಮಾಧಾನವೇ ಆಯಿತು.

ಭಾನುವಾರ ಬಾಲಕಿಯರ ಗೃಹದಿಂದ ಫೋನ್ ಬಂತು. ಎರಡು ಜೊತೆ ಬಟ್ಟೆ ತಂದುಕೊಡಬೇಕು, ಮಂಡಳಿಗೆ ಹಾಜರಾಗುವ ದಿನಕ್ಕೆ ಸಮವಸ್ತ್ರವಿದ್ದರೆ ಒಳ್ಳೆಯದು ಎಂದರು. ನಾನು ಮೊಳೆಯಿಂದ ಚಿಕ್ಕುವಿನ ಸಮವಸ್ತ್ರ ಇಳಿಸಿದೆ. ಊರ ಮಕ್ಕಳಿಗೆಲ್ಲ ಹೊಲಿದುಕೊಡುವ ನನ್ನ ಮನೆಯಲ್ಲಿ ಇಬ್ಬರಿಗೂ ಇರುವುದು ಒಂದೊಂದೇ. ಚಿಕ್ಕುವಿನದರ ಎಡ ಜೇಬು ಆರು ತಿಂಗಳ ಹಿಂದೆ ಶಾಲೆಯ ಗೇಟಿಗೆ ಸಿಕ್ಕಿ ಕಿತ್ತುಹೋಗಿತ್ತು. ಅದೇ ಬಣ್ಣದ ಬಟ್ಟೆ ಮನೆಯಲ್ಲಿದ್ದರೂ ನಾನು ಬೇಕೆಂದೇ ಕಡುನೀಲಿ ತುಂಡು ಹಾಕಿ, ದಪ್ಪ ದಪ್ಪ ಹೊಲಿಗೆ ಬಿಟ್ಟಿದ್ದೆ. ನಾಲ್ಕು ಜನ ನೋಡಲಿ, ಆಗಲಾದರೂ ಬುದ್ಧಿ ಬರಲಿ ಎಂಬುದು ನನ್ನ ಲೆಕ್ಕ. ಆ ತೇಪೆಯನ್ನು ಆಡಿಕೊಂಡ ಹುಡುಗಿಯೊಬ್ಬಳ ಕೆನ್ನೆಗೆ ಚಿಕ್ಕು ಬಾರಿಸಿ, ಶಾಲೆಯಿಂದ ದೂರು ಬಂದಿತ್ತು. ಆ ದೂರಿಗೂ ಹುಟ್ಟನ್ನೇ ಕಾರಣ ಕೊಟ್ಟು ಕಳಿಸಿದ್ದೆ.

ತೇಪೆಯ ಮೇಲೆ ಕೈ ಇಟ್ಟಾಗ ಕ್ಯಾಮೆರಾದ ಚಿತ್ರ ಕಣ್ಣ ಮುಂದೆ ಬಂತು. ಹುಡುಗಿ ಎಡಮಗ್ಗುಲು ತೋರಿಸಿ ತಿರುಗುತ್ತಾಳೆ. ಜೇಬು ಸಾಪಾಗಿದೆ. ತೇಪೆ ಇಲ್ಲ.

ನನಗೆ ಆ ದಿನ ಗೊತ್ತಿರಲಿಲ್ಲ ಎಂದು ಬರೆಸಿದರೆ ಇದು ಎರಡನೇ ಸುಳ್ಳಾಗುತ್ತದೆ. ಯಾರೇ ಎದುರು ಬಂದರೂ ನಾನು ಮುಖಕ್ಕಿಂತ ಮೊದಲು ನೋಡುವುದು ಹೊಲಿಗೆಯನ್ನು. ಆ ಜೇಬು ಅಂದೇ ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದಿದ್ದನ್ನು ತಲೆಯವರೆಗೆ ಬಿಟ್ಟುಕೊಳ್ಳಲಿಲ್ಲ, ಅಷ್ಟೇ.

ದೊಡ್ಡು ಆಗ ಕತ್ತರಿಸುವ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ನಾನು ಸಮವಸ್ತ್ರವನ್ನು ಅವಳ ಪುಸ್ತಕದ ಮೇಲಿಟ್ಟು, ತೇಪೆಯನ್ನು ತೋರಿಸಿದೆ. "ನಾನೇ ಅಮ್ಮಾ" ಎಂದಳು. ಯಾಕೆ ಎಂದು ಕೇಳಿದೆ. ಯಾರಾದರೂ ರೇಗಿಸಿದರು, ಯಾರೋ ಹೇಳಿಕೊಟ್ಟರು ಎಂದಾದರೂ ಹೇಳುತ್ತಾಳೆಂದು ಕಾದೆ. "ಯಾಕೂ ಇಲ್ಲ. ಇಟ್ಟಿಗೆ ಅಲ್ಲೇ ಬಿದ್ದಿತ್ತು. ಎಸೆದ್ರೆ ಹೇಗಿರುತ್ತೆ ಅನ್ನಿಸ್ತು" ಎಂದಳು. ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆಯೂ ಆಗಲಿಲ್ಲವೇ ಎಂದೆ. ಅದಕ್ಕೆ ಅವಳು, "ಯಾಕಾಗ್ಬೇಕು? ಯಾರು ಏನೇ ಮಾಡಿದ್ರೂ ನೀನು ಕರೆಯೋದು ಅವಳನ್ನೇ ಅಲ್ವಾ" ಎಂದಳು. ಕುಹಕವಾಗಿ ಹೇಳಲಿಲ್ಲ. ಮನೆಯ ಬೀಗದ ಕೈ ಎಲ್ಲಿರುತ್ತದೆ ಎಂದು ಹೇಳುವ ಹಾಗೆ ಹೇಳಿದಳು.

ಆಮೇಲೆ ಒಂದೊಂದಾಗಿ ಬಂತು. ನನ್ನ ದೊಡ್ಡ ಕತ್ತರಿಯನ್ನು ನೀರಿನ ತೊಟ್ಟಿಗೆ ಹಾಕಿದ್ದು ದೊಡ್ಡು. ಬೇಕರಿಯವರ ಸ್ಕೂಟರಿನ ಸೀಟು ಕುಯ್ದಿದ್ದೂ ಅವಳೇ. ಎರಡಕ್ಕೂ ಚಿಕ್ಕುವನ್ನು ಊಟವಿಲ್ಲದೆ ಬಾಗಿಲ ಹೊರಗೆ ಕೂರಿಸಿದವಳು ನಾನು. ನಾನು ಕೈ ಎತ್ತಿದೆ. ಯಾರಿಗೆ ಹೊಡೆಯಬೇಕೆಂದು ತಿಳಿಯದೆ ಕೈ ಇಳಿಸಿದೆ. ಆಗ ದೊಡ್ಡು ಅಳುತ್ತಾ, ಆ ಡ್ರೈವರ್ ಅಂಕಲ್‌ಗೆ ಕಣ್ಣು ಕಾಣಿಸುತ್ತದಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ನಿನ್ನೆ, ಸೋಮವಾರ, ಮಧ್ಯಾಹ್ನ ಮೂರಕ್ಕೆ ಬಾಲಕಿಯರ ಗೃಹಕ್ಕೆ ಹೋಗಿ ಚಿಕ್ಕುವನ್ನು ಕಂಡೆ. ಉದ್ದನೆಯ ಕೋಣೆ, ಗೋಡೆಯ ಉದ್ದಕ್ಕೂ ಪ್ಲಾಸ್ಟಿಕ್ ಕುರ್ಚಿ. ಅವಳು ಬಂದವಳೇ ನಾನು ತಂದ ಚೀಲದಿಂದ ಸಮವಸ್ತ್ರ ತೆಗೆದು ಜೇಬು ನೋಡಿದಳು. ಮನೆಯಿಂದ ಹೊರಡುವ ಮೊದಲು ನಾನು ತೇಪೆ ಬಿಚ್ಚಿ ಅದೇ ಬಣ್ಣದ ಬಟ್ಟೆ ಹಾಕಿದ್ದೆ. "ಈಗ ಯಾಕೆ?" ಎಂದಳು. ನೀನಲ್ಲದಿದ್ದರೆ ಅಂದು ಹೂಂ ಎಂದಿದ್ದು ಯಾಕೆ, ದೊಡ್ಡುವನ್ನು ಉಳಿಸಲಿಕ್ಕಾ ಎಂದು ಕೇಳಿದೆ. ಅಲ್ಲ ಎಂದಳು. ಅವಳು ಹೇಳಿದ್ದನ್ನು ಹೇಗಿದೆಯೋ ಹಾಗೆ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ನೀನು ಅಷ್ಟು ಗ್ಯಾರಂಟಿಯಾಗಿ ಅಂದೆಯಲ್ಲಮ್ಮಾ, ನಂಗೇ ಡೌಟು ಬಂತು. ನಾನೇ ಮಾಡಿ ಮರೆತಿದೀನೇನೋ ಅಂತ."

ಚಿಕ್ಕು ಏನೂ ಅರಿಯದ ಮಗು ಎಂದು ಹೇಳಲು ನಾನು ಬಂದಿಲ್ಲ. ಅವಳಿಗೆ ಸಿಟ್ಟಿದೆ, ಕೈಯೂ ಮುಂದು. ಅದರಲ್ಲಿ ಹುಟ್ಟಿನದೆಷ್ಟು, ನಾನು ಹೊಲಿದು ಹಾಕಿದ್ದೆಷ್ಟು ಎಂಬುದು ನನಗೆ ತಿಳಿಯದು.

ಇಷ್ಟು ಹೇಳಿದ ಮೇಲೆ ಮೇಡಂ ಈ ದಿನ ಇನ್ನೊಂದು ಪ್ರಶ್ನೆ ಕೇಳಿದ್ದಾರೆ. ಮಂಡಳಿಯ ಡಾಕ್ಟರಿಗೆ ಇಬ್ಬರ ಜನನದ ವಿವರವೂ ಬೇಕು, ನೀಲಿಯಾಗಿ ಹುಟ್ಟಿದ್ದು ಚಿಕ್ಕು ಎಂಬುದನ್ನು ಖಚಿತವಾಗಿ ಬರೆಯಬಹುದೇ ಎಂದು. ಬರೆಯಬಾರದು. ಆಸ್ಪತ್ರೆಯವರು ಮಕ್ಕಳ ಕೈಗೆ ಕಟ್ಟಿದ್ದ ನಂಬರಿನ ಪಟ್ಟಿ ಬಿಚ್ಚಿದ ದಿನವೇ, ಗುರುತಿಗೆಂದು ಎರಡನೆಯವಳ ಕಾಲಿಗೆ ಕೆಂಪು ದಾರ ಕಟ್ಟಿದ್ದೆ. ಒಂದು ದಿನ ಸ್ನಾನ ಮಾಡಿಸುವಾಗ ದಾರ ಬಿಚ್ಚಿ ನೀರಿನ ಜೊತೆ ಹೋಯಿತು. ಇಬ್ಬರನ್ನೂ ಟವೆಲಿನ ಮೇಲೆ ಮಲಗಿಸಿ ನೋಡಿದೆ, ಗುರುತು ಸಿಗಲಿಲ್ಲ. ಒಬ್ಬಳು ಸುಮ್ಮನೆ ಮಲಗಿದ್ದಳು, ಇನ್ನೊಬ್ಬಳು ಕಿರುಚಿ ಅಳುತ್ತಿದ್ದಳು. ತೊಂದರೆಯ ಮಗು ಇದೇ ಇರಬೇಕೆಂದು ಅಳುತ್ತಿದ್ದವಳ ಕಾಲಿಗೆ ಹೊಸ ದಾರ ಕಟ್ಟಿದೆ. ನನ್ನ ಗಂಡನಿಗೂ ಇದು ತಿಳಿಯದು. ಆ ದಿನ ಹಸಿವಾಗಿ ಅತ್ತವಳು ಯಾರೋ ಏನೋ, ಅವಳೇ ಚಿಕ್ಕು.

ಹಳೆಯ ಹೇಳಿಕೆಯಲ್ಲಿ 'ಹುಟ್ಟಿನಿಂದಲೇ ಕೋಪಿಷ್ಠೆ, ಮೊಂಡಿ' ಎಂಬ ಸಾಲಿನಲ್ಲಿ ಹೆಸರು ಮಾತ್ರ ಬದಲಾಯಿಸಿದರೆ ಸಾಕೇ ಎಂದು ಬರಹಗಾರರು ಈಗ ಕೇಳಿದರು. ಬೇಡ, ಆ ಸಾಲನ್ನೇ ಹೊಡೆದುಹಾಕಿ, ಇನ್ನೊಬ್ಬಳ ಹೆಸರಿಗೆ ಕಟ್ಟಬೇಡಿ ಎಂದು ಬೇಡಿಕೊಂಡಿದ್ದೇನೆ. ದೊಡ್ಡು ನನ್ನ ಜೊತೆಗೇ ಬಂದಿದ್ದಾಳೆ, ಹೊರಗೆ ಅದೇ ಬೆಂಚಿನ ಮೇಲೆ ಕೂತಿದ್ದಾಳೆ. ತಾನು ಮಾಡಿದ್ದನ್ನು ತಾನೇ ಹೇಳುತ್ತಾಳೆ. ಅವಳು ಹೇಳುವಾಗ ನಾನು ಪಕ್ಕದಲ್ಲಿರುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ನಾನೇ ಮಾಡಿದ್ದು. ಯಾರ ಒತ್ತಾಯವೂ ಇಲ್ಲ. ಬರಹಗಾರರು ನನಗೆ ಓದಿ ಹೇಳಿದರು. ಈ ಸಲ ಕೊನೆಯವರೆಗೂ ಕೇಳಿ ಸಹಿ ಹಾಕಿದ್ದೇನೆ.

ಸ್ಥಳ: ಇದೇ ಠಾಣೆ
ದಿನ: ಮಂಗಳವಾರ, ಬೆಳಗ್ಗೆ ಹನ್ನೊಂದೂವರೆ

(ಸಹಿ)
ದೊಡ್ಡು, ಚಿಕ್ಕು ಇಬ್ಬರ ತಾಯಿ