ಏಳನೇ ಕೋಣೆಯ ಜೋಡಣೆ

ಆಟ, ಆಟ ಅಂತ ಹೀಯಾಳಿಸಬೇಡಿ ರೀ! ಆರು ಕೋಣೆ ಜೋಡಿಸಿದ್ದೀನಿ ಈ ಕಂಪ್ಯೂಟರ್ ಆಟದಲ್ಲಿ. ಆರು! ಒಂದೊಂದನ್ನೂ ಬೇರೆ ಬೇರೆ ರಾಕೆಟ್‌ನಲ್ಲಿ ಮೇಲೆ ಕಳಿಸಿ, ಭೂಮಿ ಸುತ್ತ ಓಡ್ತಾ ಇರುವಾಗಲೇ ಒಂದಕ್ಕೊಂದು ಕಚ್ಚಿಸಿ... ನೋಡಿ, ಇಡೀ ಬಾಹ್ಯಾಕಾಶ ನಿಲ್ದಾಣ ಹೇಗೆ ತೇಲ್ತಾ ಇದೆ! ಇನ್ನೊಂದೇ ಬಾಕಿ. ಅದೋ, ಬರ್ತಾ ಇದೆ. ಏಳನೇದು, ಮಲಗೋ ಕೋಣೆ.

ಯಾಕ್ರೀ ನಗ್ತೀರಾ? ಹೋದ ವಾರದ್ದು ಮಗಳು ಹೇಳಿದ್ಲಾ? ಹೂಂ, ಹೌದು, ಒಂದು ಕೋಣೆಯ ಜೋಡಣೆ ಬಳೆಯನ್ನ ತಿರುಗಾಮುರುಗಾ ಕೂರಿಸಿ ಕಳಿಸಿಬಿಟ್ಟೆ. ಕಚ್ಚೋ ಬಾಯಿ ಒಳಮುಖ! ಅಷ್ಟು ಎತ್ತರ ಹೋದ್ಮೇಲೆ ಇಡೀ ಮಧ್ಯಾಹ್ನ ಗುದ್ದಿದ್ದೇ ಗುದ್ದಿದ್ದು... ನಗಿ, ನಗಿ. ನಡೆಯೋರು ಎಡವದೆ ಕೂತೋರು ಎಡವ್ತಾರಾ?

ಆದ್ರೆ ಒಂದು ಕೇಳಿ. ಸೋಮವಾರ ನಾನು ಕ್ರೇನ್ ಹತ್ತೋಳೇ. ವಿಚಾರಣೆ ಅಂತ ಮೂರು ವಾರ ಮನೇಲಿ ಕೂರಿಸಿದ್ದು ಸಾಕು. ಹದಿನೇಳು ವರ್ಷ ಆ ಗಾಜಿನ ಡಬ್ಬೀಲಿ ಕೂತೋಳು ನಾನು. ಕೆಳಗೆ ನಿಂತು ಕೈಸನ್ನೆ ಮಾಡೋರು ನೀವು, ಮೇಲಿಂದ ಇಳಿಸೋಳು ನಾನು. ಗಂಡ ಹೆಂಡ್ತಿ ಇಡೀ ದಿನ ಜೊತೇಲಿ ಕೆಲಸ, ಆದ್ರೂ ಒಂದು ಮಾತಿಲ್ಲ, ಜಗಳ ಇಲ್ಲ ಅಂತ ಮೇಸ್ತ್ರಿ ಹೊಟ್ಟೆಕಿಚ್ಚು ಪಡ್ತಿದ್ನಲ್ಲ!

ಏನು... ಆ ತೊಲೆಯ ವಿಷಯಾನಾ? ಮತ್ತೆ ಅದೇ! ಒಂದು ಸಲ, ಒಂದೇ ಒಂದು ಸಲ ತೊಲೆ ಮೊಳದಷ್ಟು ಆಚೆ ಇಳೀತು. ನಿಮ್ಮ ಹೆಲ್ಮೆಟ್ ಸವರ್ಕೊಂಡು ಹೋಯ್ತು, ನಿಜ. ಬಿಸಿಲು ಕಣ್ಣಿಗೆ ಹೊಡೀತು ಅಂತ ಹೇಳ್ದೆನಲ್ಲ! 'ನನ್ನ ಸನ್ನೆ ತಪ್ಪಾಯ್ತು' ಅಂತ ಬರ್ದುಕೊಡಿ ಅಂತ ನಾನೇನು ನಿಮ್ಮ ಕಾಲು ಹಿಡಿದಿದ್ನಾ? ನೀವೇ ಬರ್ದುಕೊಟ್ರಿ. ಈಗ ಉಗ್ರಾಣದಲ್ಲಿ ಕೂತು ಬೋಲ್ಟು ಹಂಚ್ತೀರಾ. ನನಗೆ ಸಂಕಟ ಆಗಲ್ವಾ?

ಅದಕ್ಕೇ ಕರ್ದಿದ್ದು, ನೋಡಿ ಅಂತ. ಪರದೆಯ ಆ ಮೂಲೇಲಿ ದೂರ ತೋರಿಸೋ ಅಂಕಿ ಇದೆಯಲ್ಲ, ನಲವತ್ತು ಮೀಟರ್, ಮೂವತ್ತೆಂಟು... ಅದರ ಮೇಲೆ ಕಾಗದ ಅಂಟಿಸಿ. ಬರೀ ನೋಟದಲ್ಲೇ ಕೂರಿಸ್ತೀನಿ. ಅಂಟಿಸಿದ್ರಾ? ಸರಿ, ಈಗ ಸುಮ್ನೆ ನೋಡ್ತಾ ಇರಿ. ಇಲ್ಲಿ ಬ್ರೇಕಿಲ್ಲ, ಒಮ್ಮೆ ತಳ್ಳಿದ್ರೆ ಹೋಗ್ತಾನೇ ಇರುತ್ತೆ. ನಿಲ್ಲಿಸೋಕೆ ಎದುರಿಂದ ಅಷ್ಟೇ ತಳ್ಳಬೇಕು. ಮೆಲ್ಲಗೆ... ಬಾ ತಾಯಿ... ಇನ್ನೊಂಚೂರು... ಕಚ್ಚಿತು! ನೋಡಿದ್ರಾ! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ! ಈಗ ಹೇಳಿ, ನನ್ನ ನೋಟಕ್ಕೆ ಏನಾಗಿದೆ?

ಹೇಳ್ರೀ... ಗೊತ್ತು ಬಿಡಿ ನಿಮ್ಮ ಯೋಚನೆ. ಕಂಪ್ಯೂಟರ್ ಪರದೆ ಚಪ್ಪಟೆ, ಅದರಲ್ಲಿ ದೂರ ಹತ್ತಿರ ನೋಡೋಕೆ ಒಂದು ಕಣ್ಣೇ ಸಾಕು, ಕ್ರೇನ್‌ಗೆ ಎರಡೂ ಬೇಕು ಅಂತ ತಾನೇ? ...ಇಲ್ವಾ? ನೀವು ಹಾಗಂದೇ ಇಲ್ವಾ? ಒಂದು ಕಣ್ಣು ಅಂತ... ನಾನೇ ಅಂದ್ನಾ?

ರೀ? ಹೋದ್ರಾ? ...ಅಯ್ಯೋ, ಇಲ್ಲೇ ಎಡಗಡೆ ನಿಂತಿದ್ದೀರಲ್ಲ, ಮಾರುದ್ದ ದೂರಾನೂ ಇಲ್ಲ! ಕೈ ಯಾಕೆ ಹಾಗೆ ಎತ್ತಿದ್ದೀರಿ? ಅದು... 'ನಿಲ್ಲಿಸು' ಅನ್ನೋ ಸನ್ನೆ. ಎಷ್ಟು ಹೊತ್ತಾಯ್ತು ಎತ್ತಿ? ಕಾಗದ ಅಂಟಿಸಿದಾಗಿಂದಾನಾ?

ಅವತ್ತೂ ಹೀಗೇ ಎತ್ತಿದ್ರಿ, ಅಲ್ವಾ?

...ಆರು ತಿಂಗಳಾಯ್ತು ಕಣ್ರೀ, ಈ ಎಡಗಣ್ಣು ಮಂಜಾಗಿ. ಗೊತ್ತಿದ್ದೂ ಹತ್ತಿದೆ. ನೀವು ಕೆಳಗೆ ನಿಂತಿರ್ತೀರಿ ಅಂತ ಗೊತ್ತಿದ್ದೂ ಹತ್ತಿದೆ! ಹಾಗೆ ನೋಡಬೇಡಿ. ಸೋಮವಾರ ನಾನು ಬರೋದಂತೂ ನಿಜ. ನೇರ ಆಫೀಸಿಗೆ. ನಿಮ್ಮ ಸನ್ನೆ ಸರಿಯಾಗೇ ಇತ್ತು ಅಂತ ಬರ್ದುಕೊಡ್ತೀನಿ, ತಡೀರಿ ನೋಡೋಣ!

ಕೈ ಇಳಿಸಿ ರೀ... ಇಳಿಸಿ. ಕಾಣಿಸ್ತು.