ಎದ್ದ ಗೆರೆ

ಫಿಸಿಯೋಥೆರಪಿ ಕೋಣೆಯ ಹೊರಗೆ ಮೊಣಕಾಲು ನೀವಿಕೊಳ್ಳುತ್ತಿದ್ದ ಮೇಷ್ಟ್ರೊಬ್ಬರ ಕಿವಿ, ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತಿಗೆ ನೆಟ್ಟಗಾಯಿತು. ಅಪಘಾತದಲ್ಲಿ ನರ ಹರಿದ ಅಕ್ಕನ ಬಲಗೈ ಜೋಲಿಯಲ್ಲಿತ್ತು.

“ಸಾಕು ಕಣಕ್ಕಾ. ನಿನ್ನ ಬ್ಯೂಟಿ ಪಾರ್ಲರ್ ಬೇರೆಯವರಿಗೆ ಕೊಟ್ಟುಬಿಡೋಣ.”

“ನನ್ನ ಕತ್ತರಿ ಯಾರಾದ್ರೂ ಮುಟ್ಟಲಿ, ನೋಡ್ತೀನಿ!”

“ಕೈಯೇ ಅಲ್ಲಾಡಲ್ಲವಲ್ಲ?”

“ಅಲ್ಲಾಡಲ್ಲ. ಆದ್ರೆ ಮೊನ್ನೆ ಸ್ನಾಯು ಕೆಲಸ ಮಾಡುತ್ತಾ ಅಂತ ನೋಡೋಕೆ ತೋಳಿಗೆ ವೈರು ಅಂಟಿಸಿದ್ರು. ಮಡಚೋಕೆ ಪ್ರಯತ್ನಪಟ್ಟೆ, ಮಷೀನಿನ ಪರದೆ ಮೇಲೆ ಗೆರೆ ಎದ್ದಿತು.”

“ಮಷೀನು ಏನೋ ತೋರಿಸುತ್ತೆ ಬಿಡು.”

“ಮಷೀನಲ್ಲ ಕಣೋ, ನಾನು ಎಬ್ಬಿಸಿದ್ದು. ನಾನು ಸುಮ್ಮನಾದ್ರೆ ಅದೂ ಮಲಗುತ್ತೆ.”

“ಡಾಕ್ಟ್ರು ಗ್ಯಾರಂಟಿ ಕೊಟ್ಟಿಲ್ಲ.”

“ನಾನು ಕೇಳೂ ಇಲ್ಲ. ಒಳಗೆ ಬಂದು ನೋಡು, ಆಮೇಲೆ ಮಾತಾಡು.”

ಒಳಗಿಂದ ಕರೆದರು. ತಮ್ಮ ಎಬ್ಬಿಸಲು ಕೈ ನೀಡಿದ.

“ಕಾಲಿಗೇನಾಗಿದೆ ನಂಗೆ?” ಎನ್ನುತ್ತಾ ಅವಳೇ ಎದ್ದು, ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಹೋದಳು. ತಮ್ಮ ಚೀಲ ಎತ್ತಿಕೊಂಡು ಹಿಂದೆಯೇ ಓಡಿದ.